ಪ್ರಶ್ನಾರ್ಥಕ ಚಿಹ್ನೆಯ ಜಾಮೀನು

ಸುದ್ದಿ ಡೆಸ್ಕಿನಲ್ಲಿ ಜುಲೈ ತಿಂಗಳ ರಾತ್ರಿ ಪಾಳಿ. ಕೆಆರ್‌ಎಸ್ ಜಲಾಶಯದ ಮಟ್ಟ 122 ಅಡಿ ದಾಟಿತ್ತು, ನದಿಗೆ 10 ಸಾವಿರ ಕ್ಯುಸೆಕ್ ಬಿಟ್ಟಿದ್ದರು. ಜಾಲತಾಣಕ್ಕೆ ನಾನು ಕೊಟ್ಟ ಶೀರ್ಷಿಕೆ: ‘ಅಪಾಯದ ಅಂಚಿನಲ್ಲಿ ಕೆಆರ್‌ಎಸ್? ನದಿಪಾತ್ರದಲ್ಲಿ ಢವಢವ!’ ಜೊತೆಗೆ ಗೇಟುಗಳಿಂದ ನೊರೆ ಚಿಮ್ಮುವ ಚಿತ್ರ, ಯಾವುದೋ ಹಳೆಯ ವರ್ಷದ್ದು.

ಅಸಲಿಗೆ ಜಲಾಶಯದ ಗರಿಷ್ಠ ಮಟ್ಟ 124.80 ಅಡಿ. ಅಷ್ಟು ತುಂಬಲೆಂದೇ ಮಂಡ್ಯದ ರೈತರು ಕಾಯುತ್ತಾರೆ. ತುಂಬಿದರೆ ಮುಖ್ಯಮಂತ್ರಿ ಬಂದು ಬಾಗಿನ ಅರ್ಪಿಸುತ್ತಾರೆ. ಹೊರಹರಿವು ಲಕ್ಷ ಕ್ಯುಸೆಕ್ ಸಮೀಪಿಸಿದಾಗ ಹುಟ್ಟಬೇಕಾದ ಭಯವನ್ನು ನಾನು ಹತ್ತು ಸಾವಿರಕ್ಕೇ ಹುಟ್ಟಿಸಿದ್ದೆ. ಅಂಕಿಗಳೆಲ್ಲ ನಾಲ್ಕನೇ ಪ್ಯಾರಾದಲ್ಲಿ ಸರಿಯಾಗಿಯೇ ಇದ್ದವು. ಯಾರಾದರೂ ಕೇಳಿದರೆ ‘ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇವಲ್ಲ’ ಎನ್ನಬಹುದಿತ್ತು. ಡೆಸ್ಕಿನಲ್ಲಿ ಅದೇ ನಮ್ಮ ಜಾಮೀನು.

ಬೆಳಿಗ್ಗೆ ಶ್ರೀರಂಗಪಟ್ಟಣದ ಕಡೆಯ ರೈತರೊಬ್ಬರ ಫೋನ್. “ಮಗ ಮೊಬೈಲಿನಲ್ಲಿ ಓದಿ ಹೇಳಿದ ಸ್ವಾಮಿ. ನಡುರಾತ್ರಿ ಎರಡು ಹಸು, ಒಂದು ಕರು ಬಿಚ್ಚಿಕೊಂಡು ಹೋಗಿ ಮೇಲಿನ ಬೀದಿಯಲ್ಲಿ ನೆನೆಯುತ್ತ ನಿಂತೆವು. ಹೊಳೆ ನಮ್ಮ ಗದ್ದೆಯ ಬದುವಿಗೂ ಬರಲಿಲ್ಲ.” ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಆಮೇಲೆ ಕೆಲಸದ ಕ್ರಮ ಬದಲಿಸಿಕೊಂಡೆ. ಶೀರ್ಷಿಕೆಯಲ್ಲಿ ಪ್ರಶ್ನೆ ಮೂಡಿದರೆ ವರದಿಗಾರನಿಗೆ ಫೋನ್ ಮಾಡಿ ಉತ್ತರ ಪಡೆದು ಅದನ್ನೇ ಶೀರ್ಷಿಕೆ ಮಾಡುತ್ತೇನೆ. ಉತ್ತರ ಸಿಗದಿದ್ದರೆ ಆ ಪ್ರಶ್ನೆಯೇ ಬೇಡ. ಶೀರ್ಷಿಕೆಯನ್ನಷ್ಟೇ ಓದಿ ಮೊಬೈಲ್ ಕೆಳಗಿಡುವ ಮನುಷ್ಯ ಮುಂದೆ ಏನು ಮಾಡುತ್ತಾನೆ ಎಂದು ಒಮ್ಮೆ ಯೋಚಿಸುತ್ತೇನೆ. ಹಸು ಬಿಚ್ಚುತ್ತಾನೆಯೇ? ಹಳೆಯ ಚಿತ್ರವಾದರೆ ‘ಸಂಗ್ರಹ ಚಿತ್ರ’ ಎಂಬ ಸಾಲು ಚಿತ್ರದ ಮೇಲೆಯೇ ಇರುತ್ತದೆ. ಅದೇ ಸುದ್ದಿಯನ್ನು ಈಗ ಹೀಗೆ ಕೊಡುತ್ತೇನೆ: ‘ಕೆಆರ್‌ಎಸ್ 122 ಅಡಿ, ನದಿಗೆ 10 ಸಾವಿರ ಕ್ಯುಸೆಕ್, ಸ್ನಾನಘಟ್ಟಕ್ಕೆ ಇಳಿಯಬೇಡಿ’.

“ಇದೇನು ಶೀರ್ಷಿಕೆಯೋ, ಪಂಚಾಂಗವೋ?” ಎಂದು ಮುಖ್ಯ ಉಪಸಂಪಾದಕರು ಕೇಳಿದರು. ಓದುಗರ ಸಂಖ್ಯೆ ಇಳಿದದ್ದೂ ನಿಜ, ಆ ವಿಷಯದಲ್ಲಿ ವಾದಿಸಲು ನನ್ನ ಬಳಿ ಏನೂ ಇರಲಿಲ್ಲ.

ಮರುವರ್ಷ ಜಲಾಶಯ ತುಂಬುತ್ತಿದ್ದಾಗ ಆ ರೈತರಿಗೆ ನಾನೇ ಫೋನ್ ಮಾಡಿ ಆ ದಿನದ ಹೊಸ ಶೀರ್ಷಿಕೆ ಓದಿದೆ. “ಇದು ಅರ್ಥವಾಗುತ್ತದೆ ಸ್ವಾಮಿ” ಎಂದರು. “ಆದರೂ ಮಲಗುವ ಮುಂಚೆ ಟಾರ್ಚ್ ಹಿಡಿದು ಹೊಳೆ ನೋಡಿಕೊಂಡು ಬರುತ್ತೇನೆ.”