ಮನೆಯಂಗಳದಲ್ಲೇ ಪಿಕಪ್‌ನ ಆಯಿಲ್, ಫಿಲ್ಟರ್ ಬದಲಿಸುವುದು ಹೇಗೆ

ಮಲ್ಪೆ ಬಂದರಿನಿಂದ ಉಡುಪಿ ಪೇಟೆಗೆ, ಮಂಗಳೂರು ಧಕ್ಕೆಯಿಂದ ಕಂಕನಾಡಿ ಮಾರ್ಕೆಟಿಗೆ ಮೀನು ಹೊರುವ ಪಿಕಪ್ ದಿನಕ್ಕೆ ಎಷ್ಟೋ ಸಲ ಸ್ಟಾರ್ಟ್ ಆಗುತ್ತದೆ, ಪ್ರತಿ ಸಲ ಐದಾರು ಕಿಲೋಮೀಟರ್ ಓಡಿ ನಿಲ್ಲುತ್ತದೆ. ಅಷ್ಟರಲ್ಲಿ ಟೆಂಪರೇಚರ್ ಮುಳ್ಳು ಮೇಲೆ ಬಂದರೂ ಆಯಿಲ್ ಪೂರ್ತಿ ಬಿಸಿಯಾಗಿರುವುದಿಲ್ಲ. ಎಂಜಿನ್ನಿನೊಳಗೆ ಕಟ್ಟಿದ ತೇವ ಆವಿಯಾಗಿ ಹೋಗದೆ ಆಯಿಲ್‌ನಲ್ಲೇ ಉಳಿಯುತ್ತದೆ, ಆಮ್ಲದ ಅಂಶ ಏರುತ್ತದೆ. ಅದೇ ಮಾಡೆಲ್ ಗಾಡಿ ಮುರಕಲ್ಲು ಹೇರಿಕೊಂಡು ಚಾರ್ಮಾಡಿ ಘಾಟಿ ಹತ್ತುವುದಾದರೆ ಆಯಿಲ್‌ಗೆ ಬೇರೆಯೇ ಕಷ್ಟ: ಲೋಡು, ಶಾಖ, ಮಸಿ. ಹಾಗಾಗಿ ಮ್ಯಾನ್ಯುಯಲ್‌ನಲ್ಲಿ ಎದ್ದು ಕಾಣುವ ಕಿಲೋಮೀಟರ್ ಅಂಕಿ ಇಲ್ಲಿಯ ಹೆಚ್ಚಿನ ಗಾಡಿಗಳಿಗೆ ಹೊಂದುವುದಿಲ್ಲ. ಕಠಿಣ ಬಳಕೆಗೆಂದು ಅದರಲ್ಲೇ ಬೇರೆ ಅಂತರ ಕೊಟ್ಟಿದ್ದರೆ ಅದನ್ನು ಹಿಡಿಯಿರಿ. ಕಿಲೋಮೀಟರ್ ಮುಗಿಯದಿದ್ದರೂ ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು.

ಯಾವಾಗ ಎಂಬ ಪ್ರಶ್ನೆಯೂ ಇದೆ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಮೀನಿನ ಗಾಡಿಗಳಲ್ಲಿ ಅನೇಕವು ಆಗ ಅಂಗಳದಲ್ಲೇ ನಿಲ್ಲುತ್ತವೆ. ಆಗಸ್ಟ್‌ನಲ್ಲಿ ಹೊರಡುವಾಗ ಹೊಸ ಆಯಿಲ್ ಹಾಕಿದರಾಯಿತು ಎಂದು ಹಲವರ ಲೆಕ್ಕ. ನಾವು ಹೇಳುವುದು ಮೇ ಕೊನೆಯಲ್ಲಿ, ಗಾಡಿ ನಿಲ್ಲಿಸುವ ಮುಂಚೆಯೇ ಬದಲಿಸಿ ಎಂದು. ಹಳೆ ಆಯಿಲ್‌ನಲ್ಲಿರುವ ತೇವ, ಆಮ್ಲ ಎರಡು ತಿಂಗಳು ಬೇರಿಂಗ್‌ಗಳ ಮೇಲೆ ಕೂತಿರುವುದು ಒಳ್ಳೆಯದಲ್ಲ. ಮೇ ತಿಂಗಳಲ್ಲಿ ಅಂಗಳವೂ ಒಣಗಿರುತ್ತದೆ. ಜೂನ್ ಮಳೆಯಲ್ಲಿ ಟಾರ್ಪಾಲಿನ ಕೆಳಗೆ ಮಲಗಿ ಬೋಲ್ಟ್ ಬಿಚ್ಚುವ ಸುಖ ಯಾರಿಗೂ ಬೇಡ.

ಇಲ್ಲಿ ಹೇಳುವುದು ಏಸ್, ದೋಸ್ತ್, ಬೊಲೆರೊ ಪಿಕಪ್‌ನಂಥ ಡೀಸೆಲ್ ಗಾಡಿಗಳ ಲೆಕ್ಕ. ಆರು ಚಕ್ರದ ಲಾರಿಗೂ ಕ್ರಮ ಇದೇ, ಆದರೆ ಆಯಿಲ್ ಹತ್ತು ಲೀಟರ್ ದಾಟುತ್ತದೆ, ತಟ್ಟೆಯೂ ಪಾನವೂ (ಸ್ಪ್ಯಾನರ್) ದೊಡ್ಡದು ಬೇಕು. ವಾರಂಟಿಯೊಳಗಿನ ಗಾಡಿಯಾದರೆ ಕಂಪೆನಿ ಸರ್ವಿಸ್ ಬಿಡಬೇಡಿ.

ಯಾವ ಆಯಿಲ್, ಎಷ್ಟು

ಡಬ್ಬಿಯ ಮೇಲೆ ಎರಡು ಸಂಗತಿ ನೋಡಬೇಕು. ಒಂದು ದಪ್ಪ: ಇಲ್ಲಿಯ ಸೆಖೆಗೆ, ಹಳೆಯ ಡೀಸೆಲ್ ಎಂಜಿನ್ನಿಗೆ ಸಾಮಾನ್ಯವಾಗಿ 15ಡಬ್ಲ್ಯೂ-40. ಇನ್ನೊಂದು ಎಪಿಐ ದರ್ಜೆ, ಅಂದರೆ ಆಯಿಲ್‌ನ ಗುಣಮಟ್ಟದ ಗುರುತು: ಹಳೆಯ ಗಾಡಿಗಳಿಗೆ ಸಿಎಚ್-4 ಅಥವಾ ಸಿಐ-4 ಪ್ಲಸ್. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಗಾಡಿಯ ಸೈಲೆನ್ಸರ್ ಲೈನಿನಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇದ್ದರೆ ಕಡಿಮೆ ಬೂದಿಯ ಆಯಿಲ್ಲೇ ಬೇಕು. ಸಿಕೆ-4 ಅಂಥದ್ದು, ಆದರೆ ಮ್ಯಾನ್ಯುಯಲ್ ಹೇಳಿದ ದರ್ಜೆಯೇ ಕೊನೆಯ ಮಾತು. ಕಾರಣ ಸರಳ. ಡಿಪಿಎಫ್‌ನಲ್ಲಿ ಸಿಕ್ಕಿಕೊಂಡ ಮಸಿಯನ್ನು ಗಾಡಿಯೇ ಆಗಾಗ ಸುಟ್ಟು ತೆಗೆಯುತ್ತದೆ. ಆಯಿಲ್‌ನ ಲೋಹದ ಅಡಿಟಿವ್‌ಗಳಿಂದ ಬರುವ ಬೂದಿ ಸುಡುವುದಿಲ್ಲ, ಅಲ್ಲೇ ಕಟ್ಟಿಕೊಳ್ಳುತ್ತದೆ. ಡಬ್ಬಿಯಲ್ಲಿ ಉಳಿಸಿದ ನಾನೂರು ರೂಪಾಯಿಗೆ ಡಿಪಿಎಫ್ ಬ್ಲಾಕ್ ಮಾಡಿಕೊಂಡರೆ ಲೆಕ್ಕ ಎಲ್ಲಿಗೆ ಹೋಗುತ್ತದೆ ನೋಡಿ.

ಪ್ರಮಾಣ ಗಾಡಿಯಿಂದ ಗಾಡಿಗೆ ಬೇರೆ. ಎರಡು ಸಿಲಿಂಡರಿನ ಸಣ್ಣ ಗಾಡಿಗೆ ಮೂರು ಲೀಟರ್ ಆಸುಪಾಸು, ಎರಡೂವರೆ ಲೀಟರ್ ಎಂಜಿನ್ನಿನ ಪಿಕಪ್‌ಗೆ ಆರೇಳು ಲೀಟರ್ ಎಂದು ಅಂದಾಜು ಇಟ್ಟುಕೊಂಡು ಖರೀದಿ ಮಾಡಬಹುದು. ಹಾಕುವಾಗ ಮ್ಯಾನ್ಯುಯಲ್‌ನ ಅಂಕಿ ಮತ್ತು ಆಯಿಲ್ ಮಟ್ಟ ನೋಡುವ ಗೇಜ್ ಕಡ್ಡಿಯ ಗುರುತನ್ನೇ ನಂಬಿ. ಮ್ಯಾನ್ಯುಯಲ್‌ನಲ್ಲಿ ಫಿಲ್ಟರ್ ಸಹಿತ, ಫಿಲ್ಟರ್ ರಹಿತ ಎಂದು ಎರಡು ಅಂಕಿ ಇದ್ದರೆ ನಿಮಗೆ ಬೇಕಾದ್ದು ಮೊದಲನೆಯದು.

ಆಯಿಲ್ ಜತೆ ಫಿಲ್ಟರ್, ಡ್ರೈನ್ ಬೋಲ್ಟಿನ ಹೊಸ ವಾಷರ್, ನೈಟ್ರೈಲ್ ಗ್ಲೌಸ್, ಬನಿಯನ್ ವೇಸ್ಟ್, ಬಾಯಿ ಉದ್ದದ ಲಾಳಿಕೆ, ಎಂಟು ಹತ್ತು ಲೀಟರ್ ಹಿಡಿಯುವ ತಟ್ಟೆ ಬೇಕು. ಬೋಲ್ಟ್ ಅಳತೆ 17, 19, 22 ಹೀಗೆ ಬದಲಾಗುತ್ತದೆ, ಕೆಲವಕ್ಕೆ ಅಲೆನ್ ಕೀ. ಏನೇ ಇರಲಿ, ರಿಂಗ್ ಪಾನ ಅಥವಾ ಸಾಕೆಟ್ ಹಾಕಿ. ಓಪನ್ ಪಾನ ಬೋಲ್ಟಿನ ಮೂಲೆ ತಿನ್ನುತ್ತದೆ. ಫಿಲ್ಟರಿಗೆ ಬೆಲ್ಟ್ ಅಥವಾ ಚೈನ್ ಪಾನ.

ಗಾಡಿ ನಿಲ್ಲಿಸುವುದು

ಸಮತಟ್ಟಾದ ಜಾಗ ಇಲ್ಲದಿದ್ದರೆ ಈ ಕೆಲಸ ಮನೆಯಲ್ಲಿ ಮಾಡಬೇಡಿ. ಗುಡ್ಡೆಯ ಬದಿಯ ಮನೆಗಳಲ್ಲಿ ಅಂಗಳವೇ ಇಳಿಜಾರು. ಅಂಥಲ್ಲಿ ಆಯಿಲ್ ಪೂರ್ತಿ ಇಳಿಯುವುದಿಲ್ಲ, ಗೇಜ್ ತಪ್ಪು ತೋರಿಸುತ್ತದೆ, ಗಾಡಿ ಜಾರುವ ಅಪಾಯವೂ ಇದೆ. ಹ್ಯಾಂಡ್‌ಬ್ರೇಕ್ ಎಳೆದು, ಗಾಡಿ ಗೇರಿನಲ್ಲಿಟ್ಟು, ಹಿಂದಿನ ಚಕ್ರಕ್ಕೆ ಎರಡೂ ಕಡೆ ಮರದ ಅಡೆ ಕೊಡಿ.

ಪಿಕಪ್‌ಗಳ ತಳ ಎತ್ತರವೇ ಇರುವುದರಿಂದ ಹೆಚ್ಚಿನವಕ್ಕೆ ಜ್ಯಾಕ್ ಬೇಕಾಗುವುದೇ ಇಲ್ಲ. ಬೇಕೇ ಬೇಕಾದರೆ ಕಬ್ಬಿಣದ ಜ್ಯಾಕ್ ಸ್ಟ್ಯಾಂಡ್ ಎರಡು ತನ್ನಿ. ಅಂಗಳದ ಮೂಲೆಯಲ್ಲಿ ಪೇರಿಸಿಟ್ಟ ಮುರಕಲ್ಲು, ಹಾಲೋ ಬ್ಲಾಕ್ ಸುಮ್ಮನೆ ಕೈಗೆ ಸಿಗುತ್ತವೆ ಎಂದು ಚಾಸಿಸ್ ಅಡಿಗೆ ತುರುಕಬೇಡಿ. ಗೋಡೆ ಕಟ್ಟಿದಾಗ ಹರಡಿದ ಭಾರ ಹೊರುವ ಕಲ್ಲು, ಕಬ್ಬಿಣದ ಅಂಚು ಒಂದೇ ಬಿಂದುವಿನಲ್ಲಿ ಒತ್ತಿದಾಗ ಎಚ್ಚರಿಕೆ ಕೊಡದೆ ಒಡೆಯುತ್ತದೆ. ಬರೇ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೂ ನುಗ್ಗಬಾರದು.

ಗೇರ್ ನ್ಯೂಟ್ರಲ್‌ಗೆ ತಂದು ಏಳೆಂಟು ನಿಮಿಷ ಎಂಜಿನ್ ಓಡಿಸಿ ಆಫ್ ಮಾಡಿ, ಮತ್ತೆ ಗೇರಿಗೆ ಹಾಕಿ ಹತ್ತು ನಿಮಿಷ ಬಿಡಿ. ಬೆಚ್ಚಗಿನ ಆಯಿಲ್ ಮಸಿಯನ್ನು ಎತ್ತಿಕೊಂಡು ಸರಾಗವಾಗಿ ಇಳಿಯುತ್ತದೆ. ಘಾಟಿ ಇಳಿದು ಬಂದ ಗಾಡಿಯ ಆಯಿಲ್ ಮಾತ್ರ ಆಗಿಂದಾಗಲೇ ಬಿಚ್ಚಬೇಡಿ, ಕೈ ಸುಟ್ಟೀತು.

ಇಳಿಸುವುದು

ಮೊದಲು ಮೇಲಿನ ಆಯಿಲ್ ಕ್ಯಾಪ್ ತೆಗೆಯಿರಿ. ಏಸ್, ದೋಸ್ತ್‌ಗಳಲ್ಲಿ ಎಂಜಿನ್ ಸೀಟಿನ ಕೆಳಗಿದೆ, ಸೀಟು ಎತ್ತಬೇಕು. ಬೊಲೆರೊ ಪಿಕಪ್‌ನಲ್ಲಿ ಬಾನೆಟ್ ಅಡಿ. ಕ್ಯಾಪ್ ಸುತ್ತ ಕೂತ ಧೂಳನ್ನು ತೆರೆಯುವ ಮುಂಚೆ ಒರೆಸಿ.

ಈಗ ಕೆಳಗೆ. ಎಂಜಿನ್ನಿನ ಅಡಿಯಲ್ಲಿ ಆಯಿಲ್ ನಿಲ್ಲುವ ಚೇಂಬರಿನ ಅತಿ ತಗ್ಗಿನಲ್ಲಿರುವುದು ಡ್ರೈನ್ ಬೋಲ್ಟ್. ಗೇರ್‌ಬಾಕ್ಸಿಗೂ ಅಂಥದ್ದೇ ಒಂದು ಬೋಲ್ಟ್ ಇರುತ್ತದೆ, ಮೊದಲ ಸಲ ಮಾಡುವವರು ಅದನ್ನೇ ಬಿಚ್ಚುವುದುಂಟು. ಆಮೇಲೆ ಗೇರ್‌ಬಾಕ್ಸ್ ಒಣ, ಎಂಜಿನ್ನಿನಲ್ಲಿ ಎರಡರಷ್ಟು ಆಯಿಲ್. ಕಪ್ಪಗಿನ, ನೀರಿನಷ್ಟು ತೆಳ್ಳಗೆ ಇಳಿಯುವುದು ಡೀಸೆಲ್ ಎಂಜಿನ್ ಆಯಿಲ್. ಕಂದು ಬಣ್ಣ, ದಪ್ಪ, ಮೂಗಿಗೆ ಬಡಿಯುವ ಗಂಧಕದ ವಾಸನೆ ಬಂದರೆ ಅಲ್ಲೇ ಬೋಲ್ಟ್ ವಾಪಸ್ ಹಾಕಿ.

ಮೀನಿನ ಗಾಡಿಗಳಲ್ಲಿ ಇನ್ನೊಂದು ತೊಂದರೆ. ಮಂಜುಗಡ್ಡೆ ಕರಗಿದ ಉಪ್ಪುನೀರು ಬಾಡಿಯಿಂದ ತೊಟ್ಟಿಕ್ಕಿ, ಚಕ್ರ ಎರಚಿ, ತಳವೆಲ್ಲ ತುಕ್ಕು. ಬೋಲ್ಟ್ ಹಿಡಿದುಕೊಂಡಿರುತ್ತದೆ, ತಗಡಿನ ಚೇಂಬರಿನ ಅಂಚು ಪದರ ಏಳುತ್ತಿರುತ್ತದೆ. ಹಿಂದಿನ ರಾತ್ರಿಯೇ ವೈರ್ ಬ್ರಷ್ ಹೊಡೆದು ತುಕ್ಕು ಬಿಡಿಸುವ ಸ್ಪ್ರೇ ಹಾಕಿಡಿ. ಚೇಂಬರನ್ನು ಬೆರಳಿನಿಂದ ಒತ್ತಿ ನೋಡಿ. ತಗಡು ಮೆತ್ತಗಾದರೆ, ಜಿನುಗು ಕಂಡರೆ ಹೊಸ ಆಯಿಲ್ ಹಾಕುವ ಮುಂಚೆ ಚೇಂಬರ್ ಬದಲಿಸುವುದು ಲೇಸು.

ಬೋಲ್ಟಿನ ತಲೆಯನ್ನು ನೋಡುತ್ತಾ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿ. ಮಲಗಿಕೊಂಡು ಕೈ ಮೇಲೆತ್ತಿದಾಗ ಬಲ ಎಡ ತಲೆಕೆಳಗಾಗುತ್ತದೆ. ಸಡಿಲಿಸುತ್ತೇನೆ ಎಂದು ಬಿಗಿದು ಥ್ರೆಡ್ ಹಾಳಾದ ಚೇಂಬರುಗಳು ಗ್ಯಾರೇಜುಗಳಿಗೆ ಬರುತ್ತಲೇ ಇರುತ್ತವೆ. ಸಡಿಲವಾದ ಮೇಲೆ ಕೈಯಲ್ಲಿ, ಬೋಲ್ಟನ್ನು ಒಳಕ್ಕೆ ಒತ್ತಿ ಹಿಡಿದೇ ತಿರುಗಿಸಿ, ಕೊನೆಯ ಸುತ್ತಿಗೆ ಸರಕ್ಕನೆ ಪಕ್ಕಕ್ಕೆ ಎಳೆಯಿರಿ. ಮೊದಲ ಧಾರೆ ಒಂದಡಿ ದೂರ ಹಾರುತ್ತದೆ, ತಟ್ಟೆ ಅದಕ್ಕೆ ತಕ್ಕಂತಿರಲಿ. ಹದಿನೈದು ನಿಮಿಷ, ಹನಿ ನಿಲ್ಲುವವರೆಗೆ ಬಿಡಿ.

ಅಷ್ಟರಲ್ಲಿ ಇಳಿದ ಆಯಿಲನ್ನು ನೋಡಿ. ಕಪ್ಪಗಿರುವುದು ಏನೂ ಅಲ್ಲ, ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ಲೂ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಮಸಿಯನ್ನು ಹಿಡಿದಿಡುವುದೇ ಅದರ ಕೆಲಸ. ಮಳೆಗಾಲದಲ್ಲಿ ಕ್ಯಾಪಿನ ಒಳಗಡೆ ಮಾತ್ರ ಸ್ವಲ್ಪ ಬಿಳಿ ನೊರೆ ಕಂಡರೆ ಸಣ್ಣ ಓಡಾಟದ ತೇವ, ಒಂದು ದೂರದ ಟ್ರಿಪ್ಪಿಗೆ ಹೋಗುತ್ತದೆ. ಆದರೆ ಗೇಜ್ ಕಡ್ಡಿಯಲ್ಲಿ, ತಟ್ಟೆಯಲ್ಲಿ ಹಾಲು ಹಾಕಿದ ಚಹಾದ ಬಣ್ಣ ಬಂದರೆ ನೀರು ಸೇರಿದೆ ಎಂದರ್ಥ: ಹೆಡ್ ಗ್ಯಾಸ್ಕೆಟ್, ಆಯಿಲ್ ಕೂಲರ್, ಇಲ್ಲವೇ ನೆರೆ ನೀರಲ್ಲಿ ಇಳಿಸಿದ ಗಾಡಿ. ಸ್ಟಾರ್ಟ್ ಮಾಡದೆ ಮೆಕ್ಯಾನಿಕ್‌ನನ್ನು ಕರೆಸಿ. ಬೋಲ್ಟಿನ ತುದಿಯ ಆಯಸ್ಕಾಂತಕ್ಕೆ ಬೂದಿಯಂಥ ನುಣ್ಣನೆ ಪುಡಿ ಅಂಟಿದ್ದರೆ ಮಾಮೂಲು. ಹೊಳೆಯುವ ಚೂರು ಸಿಕ್ಕರೆ ಎಂಜಿನ್ನಿನೊಳಗೆ ಏನೋ ಸವೆಯುತ್ತಿದೆ.

ಬಿಎಸ್6 ಗಾಡಿಯವರು ಇಳಿಸುವ ಮುಂಚೆ ಲೆವೆಲ್ ನೋಡಿಕೊಳ್ಳಿ. ಆಯಿಲ್ ಮೇಲಿನ ಗುರುತು ದಾಟಿ ಏರಿದ್ದರೆ ಸಂತೋಷಪಡುವಂಥದ್ದೇನಿಲ್ಲ. ಡಿಪಿಎಫ್ ಸುಡುವಾಗ ಹೆಚ್ಚುವರಿಯಾಗಿ ಸಿಂಪಡಿಸಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್ ಸೇರಿದೆ, ಆಯಿಲ್ ತೆಳ್ಳಗಾಗಿದೆ. ಪೇಟೆಯಲ್ಲೇ ನಿಂತು ಓಡುವ, ಮಸಿ ಸುಡುವ ಕೆಲಸದ (ರೀಜನರೇಶನ್) ನಡುವೆ ಆಫ್ ಆಗುವ ಗಾಡಿಗೆ ಇದು ಹೆಚ್ಚು. ಆಗಾಗ ಹೆದ್ದಾರಿ 66ರಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿ.

ಹೊಸ ವಾಷರ್ ಹಾಕಿ ಬೋಲ್ಟನ್ನು ಕೈಯಲ್ಲೇ ಪೂರ್ತಿ ಕೂರಿಸಿ, ನಂತರ ಪಾನ ಹಿಡಿಯಿರಿ. ಟಾರ್ಕ್ ಪಾನ ಇದ್ದರೆ ಮ್ಯಾನ್ಯುಯಲ್ ಅಂಕಿಗೆ. ಇಲ್ಲದಿದ್ದರೆ ವಾಷರ್ ಕಚ್ಚಿದ ಮೇಲೆ ಒಂದು ಸಣ್ಣ ಎಳೆತ ಸಾಕು. ಪಾನಕ್ಕೆ ಪೈಪ್ ಸಿಕ್ಕಿಸಿ ಎಳೆಯಬೇಡಿ. ಟೆಫ್ಲಾನ್ ಟೇಪ್, ಗಮ್ ಯಾವುದೂ ಬೇಡ. ಅದರ ಎಳೆ ಒಳಗೆ ಹೋಗಿ ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಳ್ಳುತ್ತದೆ.

ಫಿಲ್ಟರ್

ಡಬ್ಬಿಯಂಥ ಫಿಲ್ಟರಾದರೆ ಬೆಲ್ಟ್ ಪಾನದಿಂದ ಸಡಿಲಿಸಿ, ಕೆಳಗೆ ತಟ್ಟೆ ಇಟ್ಟು ಕೈಯಲ್ಲಿ ಇಳಿಸಿ. ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸುವುದು ಕೊನೆಯ ಉಪಾಯ, ಹರಿದುಹೋದರೆ ಹಿಡಿಯಲು ಏನೂ ಉಳಿಯುವುದಿಲ್ಲ. ಇಳಿಸಿದ ಕೂಡಲೇ ಅದರ ಬಾಯಿ ನೋಡಿ: ರಬ್ಬರ್ ರಿಂಗ್ ಅದರಲ್ಲಿದೆಯೇ? ಇಲ್ಲದಿದ್ದರೆ ಎಂಜಿನ್ನಿಗೇ ಅಂಟಿಕೊಂಡಿದೆ. ಅದರ ಮೇಲೆಯೇ ಹೊಸ ಫಿಲ್ಟರ್ ಕೂರಿಸಿದರೆ ಎರಡು ರಿಂಗ್ ಸೇರಿ, ಐಡ್ಲಿಂಗಿನಲ್ಲಿ ಏನೂ ಗೊತ್ತಾಗದೆ, ರಸ್ತೆಗೆ ಇಳಿದು ಪ್ರೆಶರ್ ಏರಿದಾಗ ಆಯಿಲ್ ಪೂರಾ ಹೊರಗೆ ಚಿಮ್ಮುತ್ತದೆ. ಮನೆಯಲ್ಲಿ ಮಾಡುವ ಆಯಿಲ್ ಚೇಂಜ್‌ನಲ್ಲಿ ಎಂಜಿನ್ ಕೊಲ್ಲುವ ತಪ್ಪು ಎಂದರೆ ಇದೇ.

ಕೂರುವ ಜಾಗ ಒರೆಸಿ, ಹೊಸ ರಿಂಗಿಗೆ ಬೆರಳಲ್ಲಿ ಹೊಸ ಆಯಿಲ್ ಸವರಿ. ಫಿಲ್ಟರ್ ಬಾಯಿ ಮೇಲಾಗಿ ಕೂರುವಂಥದ್ದಾದರೆ ಅರ್ಧಕ್ಕಿಂತ ಹೆಚ್ಚು ಆಯಿಲ್ ತುಂಬಬಹುದು. ಸುತ್ತಲಿನ ಸಣ್ಣ ತೂತುಗಳಲ್ಲಿ ಹೊಯ್ಯಿರಿ, ನಡುವಿನ ದೊಡ್ಡ ತೂತು ಸೋಸಿದ ಆಯಿಲ್‌ನ ದಾರಿ. ರಿಂಗ್ ತಾಗುವವರೆಗೆ ತಿರುಗಿಸಿ, ಆಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು. ಫಿಲ್ಟರಿನ ಮೈಮೇಲೆ ಬೇರೆ ಹೇಳಿದ್ದರೆ ಅದರಂತೆ. ಪಾನ ಹಾಕಬೇಡಿ. ಒಳಗೆ ಕಾಗದದ ಎಲಿಮೆಂಟ್ ಮಾತ್ರ ಬದಲಿಸುವ ಮಾದರಿಯಾದರೆ ಮುಚ್ಚಳದ ಓ-ರಿಂಗ್ ಹೊಸತೇ ಹಾಕಬೇಕು, ಪ್ಲಾಸ್ಟಿಕ್ ಮುಚ್ಚಳ ಅತಿ ಬಿಗಿದರೆ ಸೀಳುತ್ತದೆ.

ತುಂಬುವುದು

ಹೇಳಿದ ಪ್ರಮಾಣದಲ್ಲಿ ಒಂದು ಲೀಟರಿನಷ್ಟು ಕಡಿಮೆ ಹೊಯ್ದು ಹತ್ತು ನಿಮಿಷ ಕಾಯಿರಿ, ಗೇಜ್ ನೋಡಿ, ಸ್ವಲ್ಪ ಸ್ವಲ್ಪವೇ ಸೇರಿಸಿ. ಗೇರ್ ನ್ಯೂಟ್ರಲ್‌ಗೆ ತಂದು ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟಬೇಡಿ. ಟರ್ಬೊ ಬೇರಿಂಗಿಗೆ ಇನ್ನೂ ಆಯಿಲ್ ತಲುಪಿರುವುದಿಲ್ಲ. ಆಯಿಲ್ ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಹತ್ತು ಸೆಕೆಂಡಾದರೂ ಉರಿಯುತ್ತಿದ್ದರೆ ಆಫ್ ಮಾಡಿ. ಆರಿದರೆ ಎರಡು ನಿಮಿಷ ಐಡ್ಲಿಂಗ್, ಟಾರ್ಚ್ ಹಿಡಿದು ಬೋಲ್ಟ್, ಫಿಲ್ಟರ್ ಎರಡೂ ನೋಡಿ. ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಮತ್ತೆ ಗೇಜ್. ಮೇಲಿನ ಗುರುತಿನ ಒಂಚೂರು ಕೆಳಗೆ ನಿಂತರೆ ಸರಿ.

ಕಡಿಮೆಯಾದರೆ ಆಗುಂಬೆಯ ತಿರುವುಗಳಲ್ಲಿ ಗಾಡಿ ಓರೆಯಾದಾಗ ಆಯಿಲ್ ಪಂಪ್ ಗಾಳಿ ಎಳೆಯುತ್ತದೆ. ಜಾಸ್ತಿಯಾದರೆ ಕ್ರ್ಯಾಂಕ್ ಅದನ್ನು ಬಡಿದು ನೊರೆ ಮಾಡುತ್ತದೆ, ಆಯಿಲ್ ಎಂಜಿನ್ನಿನೊಳಗಿನ ಗಾಳಿ ಹೊರಹೋಗುವ ಬ್ರೀದರ್ ಪೈಪಿನಿಂದ ಟರ್ಬೊ ಕಡೆಗೆ ಹೋಗುತ್ತದೆ, ಅತಿಯಾದರೆ ಕೀ ತೆಗೆದರೂ ಎಂಜಿನ್ ಆ ಆಯಿಲ್ಲನ್ನೇ ಸುಟ್ಟುಕೊಂಡು ಓಡುತ್ತದೆ. ಜಾಸ್ತಿ ಬಿದ್ದರೆ ಇಳಿಸಿ ಸರಿಮಾಡಿ, ಖರ್ಚಾಗುತ್ತದೆ ಬಿಡಿ ಎನ್ನಬೇಡಿ. ತಾರೀಕು, ಕಿಲೋಮೀಟರನ್ನು ಫಿಲ್ಟರಿನ ಮೇಲೆ ಮಾರ್ಕರಿನಲ್ಲಿ ಬರೆಯಿರಿ. ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಕೆಳಗೆ ಬಗ್ಗಿ ನೋಡಿ.

ಹಳೆ ಆಯಿಲ್

ಫಿಲ್ಟರನ್ನು ಬೋರಲು ಹಾಕಿ ರಾತ್ರಿಯಿಡೀ ಬಸಿದು, ಎಲ್ಲ ಆಯಿಲನ್ನೂ ಖಾಲಿಯಾದ ಡಬ್ಬಿಗೇ ತುಂಬಿಡಿ. ಇದಕ್ಕೆ ಗಿರಾಕಿಗಳು ಬೇಕಾದಷ್ಟು: ಸೆಂಟ್ರಿಂಗ್ ಹಲಗೆಗೆ ಬಳಿಯುವವರು, ಗೆದ್ದಲು ಬಾರದಂತೆ ಬೇಲಿಗೂಟಕ್ಕೆ ಹಚ್ಚುವವರು, ಸೊಳ್ಳೆ ಸಾಯಲಿ ಎಂದು ಚರಂಡಿಗೆ ಸುರಿಯುವವರು. ಮೂರೂ ಬೇಡ. ಇಲ್ಲಿಯ ಮುರಮಣ್ಣು ತೂತು ತೂತು. ಅಂಗಳದಲ್ಲಿ ಸುರಿದದ್ದು ಮಳೆಗೆ ನಿಮ್ಮ ಬಾವಿಗೋ ಪಕ್ಕದ ಮನೆಯವರ ಬಾವಿಗೋ ಇಳಿಯುತ್ತದೆ. ಸುಟ್ಟ ಆಯಿಲ್‌ನಲ್ಲಿ ಲೋಹದ ಅಂಶ, ಕ್ಯಾನ್ಸರ್‌ಕಾರಕ ಇಂಗಾಲದ ಸಂಯುಕ್ತಗಳು ಇರುತ್ತವೆ. ಗ್ಲೌಸ್ ಹಾಕಿ ಎಂದದ್ದೂ ಅದಕ್ಕೇ. 2016ರ ನಿಯಮಗಳ ಪ್ರಕಾರ ಇದು ಅಪಾಯಕಾರಿ ತ್ಯಾಜ್ಯ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇದ್ದವರಷ್ಟೇ ಸಂಗ್ರಹಿಸಬೇಕು. ಅಂಥವರಿಗೆ ಬ್ಯಾರಲ್ ಲೆಕ್ಕದಲ್ಲಿ ಕೊಡುವ ದೊಡ್ಡ ಸರ್ವಿಸ್ ಸೆಂಟರಿನಲ್ಲಿ ಕೇಳಿ, ನಿಮ್ಮ ಐದಾರು ಲೀಟರನ್ನೂ ಅದರೊಟ್ಟಿಗೆ ಸೇರಿಸಲು ಕೆಲವರು ಒಪ್ಪುತ್ತಾರೆ. ನೀರು, ಕೂಲೆಂಟ್, ಸೀಮೆಎಣ್ಣೆ ಬೆರೆಸಿದ್ದರೆ ತೆಗೆದುಕೊಳ್ಳುವುದಿಲ್ಲ.

ನೆಲಕ್ಕೆ ಚೆಲ್ಲಿದ್ದಕ್ಕೆ ಮರದ ಹೊಟ್ಟು ಹಾಕಿ ಒತ್ತಿ, ಗುಡಿಸಿ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಹಳೆ ಆಯಿಲ್ ಜತೆಗೇ ಕೊಡಿ. ಪೈಪಿನಲ್ಲಿ ನೀರು ಬಿಟ್ಟು ತೊಳೆಯಬೇಡಿ. ಆಯಿಲ್ ಕೊಟ್ಟು ಖಾಲಿಯಾಗಿ ಬಂದ ಡಬ್ಬಿಯನ್ನು ಗುಜರಿಗೆ ಹಾಕುವ ಮುಂಚೆ ಲೇಬಲ್ ಸಮೇತ ಕತ್ತಿಯಲ್ಲಿ ಸೀಳಿ, ಇಲ್ಲದಿದ್ದರೆ ನಕಲಿ ಆಯಿಲ್ ತುಂಬುವವರಿಗೆ ಅದು ರೆಡಿಮೇಡ್ ಡಬ್ಬಿ.