ಕಾರ್ಪೆಟ್ ಪರಚುವ ಬೆಕ್ಕಿಗೆ ಪರಚಲು ಬೇರೆ ಜಾಗ ಮಾಡಿಕೊಡಿ

ಬೆಕ್ಕು ಪರಚುವುದನ್ನು ನಿಲ್ಲಿಸಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಅದನ್ನು ನಿಲ್ಲಿಸಲು ಹೋಗಿಯೇ ಎಷ್ಟೋ ಮನೆಗಳಲ್ಲಿ ಬೆಕ್ಕಿಗೂ ಮನೆಯವರಿಗೂ ಜಗಳ ಶುರುವಾಗುತ್ತದೆ. ಎಲ್ಲಿ ಪರಚಬೇಕು ಅನ್ನುವುದನ್ನು ಮಾತ್ರ ನಾವು ಬದಲಾಯಿಸಬಹುದು. ಸ್ವಲ್ಪ ತಾಳ್ಮೆ ಇದ್ದರೆ ಅದು ಖಂಡಿತ ಆಗುತ್ತದೆ.

ಪರಚುವುದು ಅದಕ್ಕೆ ಬೇಕೇ ಬೇಕು. ಉಗುರಿನ ಹಳೆಯ ಹೊರಪದರ ಕಳಚುವುದು ಹಾಗೆಯೇ. ಕಾರ್ಪೆಟ್ ಮೇಲೆ ಸಣ್ಣ, ಬಾಗಿದ ಸಿಪ್ಪೆ ಬಿದ್ದಿದ್ದರೆ ಉಗುರೇ ಕಿತ್ತುಬಂತು ಎಂದು ಗಾಬರಿಯಾಗಬೇಡಿ, ಅದು ಆ ಪದರ. ನಿದ್ದೆಯಿಂದ ಎದ್ದ ಮೇಲೆ ಬೆನ್ನು, ಭುಜ ಎಳೆದು ಮೈಮುರಿಯಲು ಉಗುರು ಊರುವುದಕ್ಕೆ ಏನಾದರೂ ಬೇಕು. ಜೊತೆಗೆ ಅಂಗಾಲಿನಲ್ಲಿ ವಾಸನೆಯ ಗ್ರಂಥಿಗಳಿವೆ, ಪರಚಿದಲ್ಲೆಲ್ಲ 'ಇದು ನನ್ನ ಜಾಗ' ಅನ್ನುವ ಗುರುತು ಉಳಿಯುತ್ತದೆ, ಅದಕ್ಕೇ ಮತ್ತೆ ಮತ್ತೆ ಅದೇ ಮೂಲೆಗೆ ಬರುತ್ತದೆ. ಹಿತ್ತಲಿರುವ ಮನೆಯ ಬೆಕ್ಕು ಇದನ್ನೆಲ್ಲ ತೆಂಗಿನ ಮರಕ್ಕೋ ನುಗ್ಗೆ ಮರಕ್ಕೋ ಮಾಡಿ ಮುಗಿಸುತ್ತದೆ. ಮೂರನೇ ಮಹಡಿಯ ಫ್ಲಾಟಿನಲ್ಲಿ ಮರ ಎಲ್ಲಿಂದ ಬರಬೇಕು? ನೆಲವೆಲ್ಲ ನುಣುಪು ಟೈಲ್ಸ್. ಉಗುರು ಹಿಡಿಯುವುದು ಅಂತ ಇರುವುದು ಸೋಫಾ ಮತ್ತು ಕಾರ್ಪೆಟ್ ಮಾತ್ರ.

ಏನಾದರೂ ಕೊಳ್ಳುವ ಮೊದಲು ಒಂದೆರಡು ದಿನ ಸುಮ್ನೆ ನೋಡಿ. ಕಾರ್ಪೆಟ್ ಪರಚುವ ಬೆಕ್ಕು ಸಾಮಾನ್ಯವಾಗಿ ಮೈ ಅಡ್ಡವಾಗಿ ಚಾಚಿ ಪರಚುವುದನ್ನು ಇಷ್ಟಪಡುತ್ತದೆ. ಅಂಗಡಿಯಲ್ಲಿ ಸಿಗುವ ನಿಂತ ಕಂಬವನ್ನೇ ತಂದಿಟ್ಟು, ಅದು ಮೂಸಿಯೂ ನೋಡಲಿಲ್ಲ ಎಂದು ಬೇಜಾರು ಮಾಡಿಕೊಳ್ಳುವವರು ಬಹಳ. ಅದಕ್ಕೆ ಬೇಕಾಗಿದ್ದದ್ದು ನೆಲದ ಮೇಲೆ ಹಾಸಿದ್ದು, ಅಲ್ವಾ? ಆದರೆ ಸೋಫಾದ ಬದಿಯನ್ನೂ ಕೆರೆಯುತ್ತಿದ್ದರೆ ಎರಡೂ ಥರದ್ದು ಕೊಡಿ.

ನೆಲದ ಮೇಲೆ ಹಾಸಿ ಪರಚಿಸುವಂಥದ್ದಕ್ಕೆ ಖರ್ಚೇ ಇಲ್ಲ. ಆನ್‌ಲೈನ್ ಸಾಮಾನು ಬಂದ ರಟ್ಟಿನ ಡಬ್ಬಗಳನ್ನು ಎರಡಿಂಚು ಅಗಲದ ಪಟ್ಟಿಗಳಾಗಿ ಕತ್ತರಿಸಿ, ಒಳಗಿನ ಅಲೆಅಲೆಯಾದ ಅಂಚು ಮೇಲೆ ಬರುವ ಹಾಗೆ ಒತ್ತಾಗಿ ನಿಲ್ಲಿಸಿ, ಫೆವಿಕಾಲ್ ಹಚ್ಚಿ ಒಂದಕ್ಕೊಂದು ಅಂಟಿಸಿ, ಚೆನ್ನಾಗಿ ಒಣಗಲು ಬಿಡಿ. ಬೆಕ್ಕು ಉದ್ದಕ್ಕೆ ಮಲಗುವಷ್ಟು ದೊಡ್ಡದಿರಲಿ. ಪಿನ್, ಟೇಪ್ ಎಲ್ಲ ಮೊದಲೇ ಕಿತ್ತುಹಾಕಿ. ಇಷ್ಟೂ ಪುರುಸೊತ್ತಿಲ್ಲದಿದ್ದರೆ ತೆಂಗಿನ ನಾರಿನ ಡೋರ್‌ಮ್ಯಾಟ್ ತಂದು ಒಂದು ಹಲಗೆಗೆ ಅಂಟಿಸಿ. ಜಾರಬಾರದು, ಅದು ಮುಖ್ಯ.

ಕಂಬ ಮಾಡುವುದಾದರೆ ಗಟ್ಟಿಯಾಗಿ ಮಾಡಿ. ಬೆಕ್ಕು ಹಿಂಗಾಲ ಮೇಲೆ ನಿಂತು ಪೂರ್ತಿ ಮೈ ಚಾಚುವಷ್ಟು ಎತ್ತರ, ಅಂದರೆ ಹತ್ತಿರ ಹತ್ತಿರ 3 ಅಡಿ ಬೇಕು. ಮೂರಿಂಚು ದಪ್ಪದ ದುಂಡನೆಯ ಮರ, ಕೆಳಗೆ ಒಂದೂವರೆ ಅಡಿ ಚೌಕದ ದಪ್ಪ ಪ್ಲೈವುಡ್, ಅಡಿಯಿಂದ ಉದ್ದನೆಯ ಸ್ಕ್ರೂ. ಅಲ್ಲಾಡಿದರೆ ಪ್ಲೈವುಡ್ ಮೇಲೆ ಕಡಪ ಕಲ್ಲಿನ ತುಂಡು ಇಡಿ. ಒಮ್ಮೆ ಮೈಮೇಲೆ ವಾಲಿದ ಕಂಬದ ಹತ್ತಿರ ಬೆಕ್ಕು ಮತ್ತೆ ಬರುವುದು ಕಷ್ಟ. ಸುತ್ತಲು ಕತ್ತಾಳೆ ನಾರಿನ ಹಗ್ಗ ಒಳ್ಳೆಯದು, ತೆಂಗಿನ ನಾರಿನದ್ದೂ ನಡೆಯುತ್ತದೆ, ಆದರೆ ಪುಡಿ ಜಾಸ್ತಿ ಉದುರುತ್ತದೆ. ಪ್ಲಾಸ್ಟಿಕ್ ಹಗ್ಗ ಬೇಡವೇ ಬೇಡ. 10 ಮಿ.ಮೀ. ದಪ್ಪದ ಹಗ್ಗವಾದರೆ ಈ ಕಂಬಕ್ಕೆ ಸುಮಾರು 25 ಮೀಟರ್ ಹಿಡಿಯುತ್ತದೆ. ಮಧ್ಯೆ ಮಧ್ಯೆ ಅಂಟು ಹಾಕುತ್ತಾ ಸಂದಿಲ್ಲದ ಹಾಗೆ ಬಿಗಿಯಾಗಿ ಸುತ್ತಿ. ಹಳೆ ಕಾರ್ಪೆಟ್ ತುಂಡನ್ನು ಮಾತ್ರ ಇದಕ್ಕೆ ಹೊದಿಸಬೇಡಿ, ಯಾವ ಕಾರ್ಪೆಟ್ ಪರಚಬಹುದು, ಯಾವುದು ಕೂಡದು ಎಂದು ಅದಕ್ಕೆ ಹೇಗೆ ತಿಳಿಯಬೇಕು?

ಇನ್ನು ಎಲ್ಲಿ ಇಡಬೇಕು ಅನ್ನುವುದು. ನನ್ನ ಮಟ್ಟಿಗೆ ಅರ್ಧ ಕೆಲಸ ಇದೇ. ಚೆನ್ನಾಗಿ ಕಾಣಲ್ಲ ಎಂದು ಬಾಲ್ಕನಿಯಲ್ಲೋ ಯುಟಿಲಿಟಿಯಲ್ಲೋ ಇಟ್ಟರೆ ಮಾಡಿದ್ದೆಲ್ಲ ದಂಡ. ಕಾರ್ಪೆಟ್‌ನಲ್ಲಿ ಎಲ್ಲಿ ಪರಚುತ್ತದೋ ಅದೇ ಜಾಗದ ಮೇಲೆ ಇಡಿ. ಅದು ಮಲಗಿ ಏಳುವ ಜಾಗದ ಹತ್ತಿರ ಇನ್ನೊಂದು. ಪರಚಿದ ಕೂಡಲೇ ಹೊಗಳಿ, ಇಷ್ಟದ ತಿಂಡಿಯ ಒಂದು ಚೂರು ಕೊಡಿ. ಅದರ ಮುಂಗಾಲು ಹಿಡಿದು ಕಂಬಕ್ಕೆ ಉಜ್ಜಿ ಕಲಿಸಲು ಹೋಗಬೇಡಿ, ಹೆದರಿಕೊಳ್ಳುತ್ತದೆ. ಅದರ ಬದಲು ಕಂಬದ ಮೇಲೆ ಒಂದು ದಾರವನ್ನು ಎಳೆದಾಡಿ ಆಟವಾಡಿಸಿ. ಕ್ಯಾಟ್‌ನಿಪ್ (ಬೆಕ್ಕುಗಳನ್ನು ಸೆಳೆಯುವ ವಾಸನೆಯ ಒಂದು ಗಿಡದ ಒಣ ಎಲೆ) ಉದುರಿಸಿಯೂ ನೋಡಬಹುದು, ಎಲ್ಲ ಬೆಕ್ಕಿಗೂ ಅದು ಹಿಡಿಸುವುದಿಲ್ಲ, ಚಿಕ್ಕ ಮರಿಗಳಿಗಂತೂ ಏನೂ ಅನ್ನಿಸುವುದಿಲ್ಲ. ದಿನಾ ಬಳಸುವ ಅಭ್ಯಾಸ ಆದ ಮೇಲೆ ದಿನಕ್ಕೆ ಒಂದೆರಡು ಇಂಚಿನಂತೆ ನಿಮಗೆ ಬೇಕಾದ ಕಡೆಗೆ ಸರಿಸಿ. ಆತುರ ಬೇಡ.

ಈ ಮಧ್ಯೆ ಕಾರ್ಪೆಟ್ ಕಾಪಾಡಬೇಕಲ್ಲ. ಸುತ್ತಿಡಲು ಬರುವ ಜಮಖಾನವಾದರೆ ಒಗೆದು, ಬಿಸಿಲಿಗೆ ಹಾಕಿ, ಹಳೆಯ ವಾಸನೆ ಹೋದ ಮೇಲೆ ಸ್ವಲ್ಪ ದಿನ ಅಟ್ಟಕ್ಕೆ ಹಾಕಿಬಿಡಿ. ಕೈಮಗ್ಗದ ನವಲಗುಂದ ಜಮಖಾನ ಇರುವವರಂತೂ ದಯವಿಟ್ಟು ಇದನ್ನೇ ಮಾಡಿ, ಅಲ್ಲಿನ ಹೆಣ್ಣುಮಕ್ಕಳು ಕೂತು ನೇಯ್ದದ್ದು ಅದು, ಮತ್ತೆ ಸುಲಭಕ್ಕೆ ಸಿಗುವುದಿಲ್ಲ. ಎತ್ತಲು ಬಾರದ ದೊಡ್ಡ ಕಾರ್ಪೆಟ್ ಆದರೆ ಪರಚುವ ಮೂಲೆಯಲ್ಲಿ ಕಂಬವೋ ಹಾಸೋ ಮುಚ್ಚದೆ ಉಳಿದ ಜಾಗಕ್ಕೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಅಥವಾ ಒಂದು ರಟ್ಟಿನ ಮೇಲೆ ಎರಡೂ ಕಡೆ ಅಂಟುವ ಟೇಪ್ ಹಚ್ಚಿ ಇಡಿ. ಕಾಲಿಗೆ ಅಂಟುವುದು ಬೆಕ್ಕಿಗೆ ಆಗುವುದಿಲ್ಲ. ನೇರ ಕಾರ್ಪೆಟ್‌ಗೇ ಟೇಪ್ ಹಚ್ಚಿದರೆ ಅಂಟು ಉಳಿದುಬಿಡುತ್ತದೆ. ಎಳೆ ಎದ್ದಿದ್ದರೆ ಜಗ್ಗಬೇಡಿ, ಕತ್ತರಿಯಿಂದ ಮಟ್ಟವಾಗಿ ಕತ್ತರಿಸಿ.

ಕೆಲವು ಮನೆಮದ್ದುಗಳ ಬಗ್ಗೆ ಗಟ್ಟಿಯಾಗಿಯೇ ಹೇಳಬೇಕು. ಖಾರದ ಪುಡಿ ಉದುರಿಸಬೇಡಿ, ಕಾಲಿಗೆ ಅಂಟಿದ್ದು ಕಣ್ಣಿಗೆ, ಬಾಯಿಗೆ ಹೋಗುತ್ತದೆ. ಬಟ್ಟೆಯ ನಡುವೆ ಇಡುವ ನುಸಿಗುಳಿಗೆಯೂ ಬೆಕ್ಕಿಗೆ ವಿಷ. ಫಿನೈಲ್ ಹಾಕಿ ಒರೆಸುವುದೂ ಅಪಾಯ, ಅದರಲ್ಲಿರುವ ಫಿನಾಲ್ ಥರದ ವಸ್ತುಗಳನ್ನು ಬೆಕ್ಕಿನ ಪಿತ್ತಜನಕಾಂಗ ಸರಿಯಾಗಿ ಅರಗಿಸಲಾರದು, ಮತ್ತು ಅದು ದಿನವಿಡೀ ತನ್ನ ಕಾಲನ್ನೇ ನೆಕ್ಕುತ್ತಿರುತ್ತದೆ. ಟೀ ಟ್ರೀ, ಕಿತ್ತಳೆ ಮುಂತಾದ ಸುಗಂಧ ತೈಲಗಳೂ ಬೇಡ. ಹೊಡೆಯುವುದು, ನೀರು ಎರಚುವುದು ಮಾಡಿದರೆ ನೀವಿಲ್ಲದಾಗ ಪರಚುವುದನ್ನು ಕಲಿಯುತ್ತದೆ, ಅಷ್ಟೇ. ಉಗುರು ತೆಗೆಸುವ ಆಪರೇಷನ್ ಮಾತು ಎತ್ತಲೇಬೇಡಿ. ಅದರಲ್ಲಿ ಬೆರಳಿನ ತುದಿಯ ಮೂಳೆಯನ್ನೇ ಕತ್ತರಿಸುತ್ತಾರೆ, ಬ್ರಿಟನ್ ಸೇರಿದಂತೆ ಎಷ್ಟೋ ದೇಶಗಳಲ್ಲಿ ಅದಕ್ಕೆ ನಿಷೇಧವಿದೆ.

ಉಗುರಿನ ತುದಿ ಕತ್ತರಿಸುವುದು ಬೇರೆ. ಮನೆಯೊಳಗೇ ಇರುವ ಬೆಕ್ಕಿಗೆ ಎರಡು ಮೂರು ವಾರಕ್ಕೊಮ್ಮೆ ಮಾಡಬಹುದು. ಅಂಗಾಲನ್ನು ಮೆಲ್ಲಗೆ ಒತ್ತಿದರೆ ಉಗುರು ಹೊರಗೆ ಬರುತ್ತದೆ. ಒಳಗೆ ಕಾಣುವ ಗುಲಾಬಿ ಭಾಗದಲ್ಲಿ ರಕ್ತ, ನರ ಇರುತ್ತವೆ, ಅದನ್ನು ಮುಟ್ಟದೆ ಚೂಪು ತುದಿ ಮಾತ್ರ ತೆಗೆಯಿರಿ. ಮುಂಗಾಲಿನ ಒಳಬದಿಯ ಐದನೇ ಉಗುರನ್ನು ಮರೆಯಬೇಡಿ, ಅದು ಸವೆಯುವುದು ಕಡಿಮೆ. ನಿದ್ದೆಗಣ್ಣಲ್ಲಿ ಇರುವಾಗ ಸಲೀಸು, ಒಂದು ದಿನಕ್ಕೆ ಎರಡೇ ಉಗುರು ಆದರೂ ಸಾಕು. ಹೊರಗೆ ಓಡಾಡುವ ಬೆಕ್ಕಾದರೆ ಬಿಟ್ಟುಬಿಡಿ, ನಾಯಿ ಅಟ್ಟಿಸಿಕೊಂಡು ಬಂದರೆ ಮರ ಹತ್ತಲು ಅದಕ್ಕೆ ಉಗುರು ಬೇಕು.

ಮೊದಲಿಲ್ಲದೆ ದಿಢೀರನೆ ಪರಚುವುದು ಜಾಸ್ತಿಯಾದರೆ ಮನೆಯಲ್ಲಿ ಏನು ಬದಲಾಗಿದೆ ನೋಡಿ. ಹೊಸ ಬೆಕ್ಕು ಬಂತಾ, ಮನೆ ಬದಲಾಯಿಸಿದಿರಾ, ಕಿಟಕಿಯಾಚೆ ಬೇರೆ ಗಂಡುಬೆಕ್ಕು ಸುಳಿಯುತ್ತಿದೆಯಾ? ಊಟ ಬಿಟ್ಟು ಮಂಕಾಗಿದ್ದರೆ ಪಶುವೈದ್ಯರಿಗೆ ತೋರಿಸಿ.

ಕಂಬದ ಹಗ್ಗ ಕಿತ್ತು ಜೂಲು ಜೂಲಾದಾಗ ಎಸೆಯಬೇಡಿ. ಬೆಕ್ಕಿಗೆ ಆ ಹಳೆಯದೇ ಇಷ್ಟ, ಅದರ ವಾಸನೆ ಅಲ್ಲಿದೆ. ಪೂರ್ತಿ ಹರಿದ ಭಾಗವನ್ನು ಮಾತ್ರ ಬಿಚ್ಚಿ ಹೊಸದನ್ನು ಸುತ್ತಿ, ಉಳಿದದ್ದು ಹಾಗೇ ಇರಲಿ.