ಲಂಡನ್ ದರದಿಂದ ನಿಮ್ಮ ಕಾಫಿ ಚೀಲದ ಬೆಲೆ ಲೆಕ್ಕ ಹಾಕುವುದು

ಎಲ್ಲರ ಕಾಫಿಯನ್ನೂ ಕಾಫಿ ಮಂಡಳಿಯೇ ಒಟ್ಟುಗೂಡಿಸಿ ಮಾರುತ್ತಿದ್ದ ಪೂಲ್ ಪದ್ಧತಿ 1996ರ ಹೊತ್ತಿಗೆ ಪೂರ್ತಿ ಮುಗಿಯಿತು. ಅಂದಿನಿಂದ ಕೊಡಗಿನ ರೋಬಸ್ಟಾ ಜಾತಿಯ ಕಾಫಿಯ ದರ ಲಂಡನ್ನಿನ ವಾಯಿದಾ ಪೇಟೆಯ (ಮುಂದಿನ ತಿಂಗಳುಗಳಲ್ಲಿ ಕೊಡುವ ಮಾಲಿಗೆ ಈಗಲೇ ದರ ಕುದುರಿಸುವ ಪೇಟೆ) ಬೆನ್ನು ಹತ್ತಿದೆ. ಅಲ್ಲಿ ವಹಿವಾಟು ಮುಗಿಯುವಾಗ ನಮಗೆ ರಾತ್ರಿ ಹತ್ತೋ ಹನ್ನೊಂದೋ ಆಗಿರುತ್ತದೆ. ಬೆಳಿಗ್ಗೆ ವ್ಯಾಪಾರಿಗೆ ಫೋನ್ ಮಾಡುವ ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಿ.

ಲಂಡನ್ ದರ ಟನ್ನಿಗೆ ಇಷ್ಟು ಡಾಲರ್ ಎಂದಿರುತ್ತದೆ. ಮಾಲು ಒಪ್ಪಿಸುವ (ಡೆಲಿವರಿ) ಹೊತ್ತಿಗೆ ಬಂದ ತಿಂಗಳ ದರ ಬಿಟ್ಟು, ವಹಿವಾಟು ಹೆಚ್ಚಿರುವ ಮುಂದಿನ ತಿಂಗಳದ್ದನ್ನು ನೋಡಿ. 4,000 ಡಾಲರ್ ಇದೆ, ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಳ್ಳಿ: 4,000 × 85 ÷ 1,000 = ಕಿಲೋಗೆ 340. ಇದು ಸಿಪ್ಪೆ ತೆಗೆದ ಬೀಜದ ದರ. ನಮ್ಮ ಕಾಫಿಗೆ ಆಗ ಲಂಡನ್ ದರದ ಮೇಲೆ ಪ್ರೀಮಿಯಂ (ಹೆಚ್ಚುವರಿ) ಇದ್ದರೆ ಕೂಡಿಸಿ, ಡಿಸ್ಕೌಂಟ್ (ಕಡಿತ) ಇದ್ದರೆ ಕಳೆಯಿರಿ. ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕೆಲಸ), ಚೀಲ, ಬಂದರಿನವರೆಗಿನ ಸಾಗಣೆ, ರಫ್ತುದಾರರ ಪಾಲು ಕಳೆದು 320 ಉಳಿಯಿತು ಎನ್ನೋಣ.

ಇನ್ನು ಓಟಿ, ಅಂದರೆ ಔಟ್‌ಟರ್ನ್: 50 ಕಿಲೋ ಚೀಲದ ಒಣ ಚೆರಿಯಲ್ಲಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಎಷ್ಟು ಕಿಲೋ ಬೀಜ ಬರುತ್ತದೆ ಎಂಬುದು. 27 ಬಂದರೆ ಚೀಲಕ್ಕೆ 27 × 320 = 8,640. ಬೆಳೆಗಾರರು ಹೆಚ್ಚಾಗಿ ಕಳೆದುಕೊಳ್ಳುವುದು ಇಲ್ಲೇ. ಲಂಡನ್‌ನಲ್ಲಿ 100 ಡಾಲರ್ ಇಳಿದರೆ ಚೀಲಕ್ಕೆ ಸುಮಾರು 230 ರೂಪಾಯಿ ಹೋಗುತ್ತದೆ. ವ್ಯಾಪಾರಿ ಒಂದು ಓಟಿ ಕಮ್ಮಿ ಬರೆದರೆ 320! ಮನೆಯಲ್ಲೇ ಪರೀಕ್ಷಿಸಿ: ಏಳೆಂಟು ಚೀಲಗಳ ಮೇಲಿಂದ, ನಡುವಿಂದ, ತಳದಿಂದ ಚೆರಿ ತೆಗೆದು ಬೆರೆಸಿ, 200 ಗ್ರಾಂ ತೂಗಿ, ಸಿಪ್ಪೆ ಬಿಡಿಸಿ ಬೀಜ ತೂಗಿ. 108 ಗ್ರಾಂ ಬಂದರೆ ಓಟಿ 27. ಎಳೆಗಾಯಿ ಸೇರಿದ ಕೊಯ್ಲು, ಕಾಯಿಕೊರಕ, ಕಣದ ಕಲ್ಲು-ಮಣ್ಣು ಇದನ್ನು ಇಳಿಸುತ್ತವೆ. ತೇವ ಜಾಸ್ತಿಯಿದ್ದರೆ ತೂಕ ಬರುತ್ತದೆ ಅಂತ ಖುಷಿಪಡಬೇಡಿ, ಮೀಟರ್ ಇಟ್ಟು ಕಡಿತ ಮಾಡುತ್ತಾರೆ.

ಅರೇಬಿಕಾಕ್ಕೆ ನ್ಯೂಯಾರ್ಕ್ ದರ, ಅದೂ ಪೌಂಡಿಗೆ ಸೆಂಟ್ ಲೆಕ್ಕದಲ್ಲಿ. 300 ಸೆಂಟ್ ಎಂದರೆ 3 × 2.2046 × 85, ಕಿಲೋಗೆ ಸುಮಾರು 562. 50 ಕಿಲೋ ಪಾರ್ಚ್‌ಮೆಂಟ್‌ಗೆ (ಹಣ್ಣಿನ ಸಿಪ್ಪೆ ತೆಗೆದು, ಒಳಪೊರೆ ಸಮೇತ ಒಣಗಿಸಿದ ಬೀಜ) 40 ಕಿಲೋ ಬೀಜ ಹಿಡಿಯಿರಿ.

ರೂಪಾಯಿ ಕುಸಿದರೆ ಚೀಲದ ಬೆಲೆ ಏರುತ್ತದೆ, ಆದರೆ ಪೊಟ್ಯಾಷ್ ಗೊಬ್ಬರ ಆಮದಿನದು, ಅದರ ದರವೂ ಏರಬಹುದು. ನಮ್ಮ ರೋಬಸ್ಟಾ ಕಣಕ್ಕೆ ಬರುವ ಹೊತ್ತಿಗೆ ವಿಯೆಟ್ನಾಮಿನ ಫಸಲೂ ಪೇಟೆಗೆ ಇಳಿದಿರುತ್ತದೆ. ಮಾರ್ಚ್‌ನಲ್ಲಿ ಸಾಲ ಕಟ್ಟಬೇಕಾದವರು ಆಗಲೇ ಮಾರುತ್ತಾರೆ, ವ್ಯಾಪಾರಿಗೂ ಅದು ಗೊತ್ತು. ಸಾಲಕ್ಕೆ, ಕೂಲಿಗೆ ಬೇಕಾದಷ್ಟು ಚೀಲ ಮಾತ್ರ ಆಗ ಕೊಟ್ಟು, ಉಳಿದದ್ದನ್ನು ಚೆನ್ನಾಗಿ ಒಣಗಿಸಿ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ಜೂನ್-ಜುಲೈಯಲ್ಲಿ, ಅಲ್ಲಿನ ಚಳಿಗಾಲದಲ್ಲಿ, ಬ್ರೆಜಿಲ್‌ನಲ್ಲಿ ಗಿಡ ಸುಡುವಂಥ ಹಿಮ ಬಿದ್ದರೆ ದರ ಜಿಗಿಯಬಹುದು. ಬೀಳದಿದ್ದರೆ ಮಳೆಗಾಲದ ತೇವದಲ್ಲಿ ಬೂಸ್ಟು ಹಿಡಿದ ಚೀಲ ಮಾತ್ರ ಉಳಿಯಬಹುದು.